ಏಳು ವಾರ ಕಬ್ಬಿಣ ಮುಟ್ಟದೆ

ಕೈ ಮುರಿದದ್ದು ನನ್ನ ಅಕ್ಕನಿಗೆ. ತೋಳು ಸಣ್ಣಗಾಗುತ್ತಿದೆ ಎಂದು ಅತ್ತವಳು ನಾನು. ಈಗ ನೆನೆದರೆ ನಾಚಿಕೆಯೂ ನಗುವೂ ಒಟ್ಟಿಗೇ ಬರುತ್ತವೆ. ಆ ಬೇಸಿಗೆಯಲ್ಲಿ ಮಾತ್ರ ಅದು ನನಗೆ ನಗುವ ಸಂಗತಿಯಾಗಿರಲಿಲ್ಲ.

ನಾನು ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮನೆ ಗೋಕಾಕದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಆರು ಪಿರಿಯಡ್ಡು. ನಲವತ್ತೈದು ದಾಟುವವರೆಗೆ ಸ್ನಾಯು ಎಂಬುದು ನನಗೆ ಪಾಠದ ಪುಸ್ತಕದಲ್ಲಿದ್ದ ಒಂದು ಚಿತ್ರ. ಕಪ್ಪುಹಲಗೆಯ ಮೇಲೆ ಬರೆದು, ಭಾಗಗಳನ್ನು ಗುರುತಿಸಿ, ಅಳಿಸಿಬಿಡುತ್ತಿದ್ದೆ.

ಒಮ್ಮೆ ಶಾಲೆಯ ಒಂದು ಕಾರ್ಯಕ್ರಮದಲ್ಲಿ ನಾವೆಲ್ಲ ಜಮಖಾನೆಯ ಮೇಲೆ ಒಂದೂವರೆ ತಾಸು ಕುಳಿತೆವು. ಮುಗಿದ ಮೇಲೆ ಎಲ್ಲರೂ ಎದ್ದರು, ನಾನು ಏಳಲಿಲ್ಲ. ಒಂದು ಕೈ ಊರಿ ನೋಡಿದೆ. ಎರಡೂ ಕೈ ಊರಿ ನೋಡಿದೆ. ಕೊನೆಗೆ ಹಿಂದಿ ಕಲಿಸುವವರು ಒಂದು ರಟ್ಟೆ, ಹೊಲಿಗೆ ಕಲಿಸುವವರು ಇನ್ನೊಂದು ರಟ್ಟೆ ಹಿಡಿದು, ಕೆಸರಿನಲ್ಲಿ ಹೂತ ಚಕ್ಕಡಿಯ ಗಾಲಿ ಎತ್ತುವ ಹಾಗೆ ನನ್ನನ್ನು ಎತ್ತಿ ನಿಲ್ಲಿಸಿದರು. ಇಡೀ ಒಂಬತ್ತನೆಯ ತರಗತಿ ನೋಡುತ್ತಿತ್ತು. ಮಕ್ಕಳು ನಗಲಿಲ್ಲ. ಅವರು ನಗದೇ ಇದ್ದದ್ದೇ ನನಗೆ ಹೆಚ್ಚು ನಾಟಿತು.

ಮುಂದಿನ ವಾರವೇ ನಾನು ಗೋಕಾಕದಲ್ಲಿ ಟೈರ್ ಅಂಗಡಿಯ ಮೇಲಿನ ಜಿಮ್ಮಿನ ಮೆಟ್ಟಿಲು ಹತ್ತಿದೆ. ಬೆಳಿಗ್ಗೆ ಐದೂವರೆಯಿಂದ ಆರೂವರೆಯವರೆಗೆ ಅಲ್ಲಿ ಹೆಂಗಸರಿಗೆ ಮಾತ್ರ. ಕಲಿಸುವವಳು ಕಲ್ಲೋಳಿಯ ಹೆಣ್ಣುಮಗಳು, ಮೂವತ್ತರೊಳಗಿನವಳು. ಶಾಲೆಯಲ್ಲಿದ್ದಾಗ ಕುಸ್ತಿ ಆಡಿದವಳು, ಈಗ ಒಂದು ಮಗುವಿನ ತಾಯಿ. ನಾನು ಮೊದಲ ದಿನ ಬಾಗಿಲಲ್ಲೇ ನಿಂತು, ಬರೀ ಮೊಣಕಾಲಿಗೆ ಏನಾದರೂ ಹೇಳಿಕೊಟ್ಟರೆ ಸಾಕು, ಆ ಕಬ್ಬಿಣ ನನಗೆ ಬೇಡ ಎಂದೆ. ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೂಡಬೇಕು ಏಳಬೇಕು, ಬಾಗಬೇಕು ಎತ್ತಬೇಕು, ಮೊಣಕಾಲಿಗೆ ಇದೇ ಔಷಧ ಎಂದಳು. ನಮ್ಮದು ಜೈನರ ಮನೆ, ಮೊಟ್ಟೆ ಒಳಗೆ ಬರುವುದಿಲ್ಲ ಎಂದೆ. ಹಾಗಿದ್ದರೆ ಶೇಂಗಾ, ಕಡಲೆ, ಹೆಸರುಕಾಳು, ಮೊಸರು ಬರುತ್ತವಲ್ಲ ಎಂದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅಲ್ಲಿ ಬರುವ ಹೆಂಗಸರು ಪ್ರತಿಯೊಂದು ವ್ಯಾಯಾಮಕ್ಕೂ ತಮ್ಮದೇ ಹೆಸರಿಟ್ಟಿದ್ದರು. ನೆಲದ ಮೇಲಿನ ಭಾರವನ್ನು ಸೊಂಟ ನೆಟ್ಟಗಿಟ್ಟು ಎತ್ತಿ ನಿಲ್ಲುವುದಕ್ಕೆ ಪುಸ್ತಕದಲ್ಲಿ ಡೆಡ್‌ಲಿಫ್ಟ್ ಎನ್ನುತ್ತಾರೆ. ನಮ್ಮಲ್ಲಿ ಅದು ‘ಕೊಡ ಎತ್ತೂದು’. ಚಕ್ರ ಹಾಕದ ಹದಿನೈದು ಕಿಲೋದ ಕಬ್ಬಿಣದ ಸಲಾಕೆ, ಬರಿಯ ಬಾರ್‌ನಿಂದ ಸುರುಮಾಡಿದೆ. ಎರಡೂ ಕಡೆ ಚಕ್ರಗಳು ಒಂದೊಂದಾಗಿ ಸೇರುತ್ತ ಹೋದವು. ಹದಿನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅರವತ್ತು ಕಿಲೋ ಎತ್ತಿ ನಿಂತೆ.

ನನ್ನ ಗಂಡನಿಗೆ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ಇದೆ. ತೂಕ ಐವತ್ತೆಂಟು ಕಿಲೋ. ಅಂದು ಚಹಾ ಕುಡಿಯುತ್ತ ಸುದ್ದಿ ಹೇಳಿದಾಗ ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, ‘ಹಂಗಾರ ನಾ ಇನ್ನ ಸ್ವಲ್ಪ ತಗ್ಗಿ ಬಗ್ಗಿ ಇರಬೇಕಾತು’ ಎಂದರು. ಅಂದಿನಿಂದ ಅವರ ಅಂಗಡಿಗೆ ಬರುವ ರೈತರಿಗೆಲ್ಲ ಪಂಪಿನ ಸುದ್ದಿಯ ಜೊತೆಗೆ ನನ್ನ ಸುದ್ದಿಯೂ ಸಿಗತೊಡಗಿತು. ಕೌಜಲಗಿಯಿಂದ ಬಂದ ಒಬ್ಬರಂತೂ ‘ಮೋಟಾರ್ ಇಳಸಾಕ ಬಾಯಾರನ್ನ ಕರೀರಿ’ ಎಂದರಂತೆ. ಬಾಯಾರೆಂದರೆ ಟೀಚರು, ಅಂದರೆ ನಾನು.

ಇಷ್ಟು ಹೆಮ್ಮೆ ಕೂಡಿಟ್ಟುಕೊಂಡಿದ್ದಾಗಲೇ ಏಪ್ರಿಲ್‌ನಲ್ಲಿ ಹುಕ್ಕೇರಿಯಿಂದ ಫೋನು ಬಂತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹುಕ್ಕೇರಿಯ ಕಚೇರಿಗಳಿರುವ ಬದಿಗೆ ಒಂದು ಖಾನಾವಳಿ ನಡೆಸುತ್ತಾಳೆ. ಪಹಣಿಗೆ ಬಂದವರು, ಕೋರ್ಟಿಗೆ ಬಂದವರು, ಅವರ ವಕೀಲರು, ಕಚೇರಿಯ ಗುಮಾಸ್ತರು ಎಲ್ಲರೂ ಮಧ್ಯಾಹ್ನ ಅವಳಲ್ಲೇ ಉಣ್ಣುವುದು. ಜೋಳದ ರೊಟ್ಟಿ, ಎರಡು ಪಲ್ಯ, ಹೆಸರುಬೇಳೆಯ ಸಾರು, ಶೇಂಗಾ ಚಟ್ನಿ, ಮೊಸರು. ಭಾವ ರೊಕ್ಕ ಎಣಿಸುತ್ತ ಗಲ್ಲೆಯ ಮೇಲೆ ಕೂಡುವವರು, ಅಡುಗೆಮನೆಗೆ ಅವರ ಪ್ರವೇಶವಿಲ್ಲ. ಅಂದು ಬೆಳಿಗ್ಗೆ ಅಕ್ಕ ಹಿತ್ತಲಿನ ಒದ್ದೆ ಕಲ್ಲಿನ ಮೇಲೆ ಜಾರಿ, ಬೀಳುವಾಗ ಬಲಗೈ ಊರಿದ್ದಾಳೆ. ಮಣಿಕಟ್ಟಿನ ಮೇಲೆ ಎಲುಬು ಮುರಿದಿತ್ತು. ಮೊಣಕೈವರೆಗೆ ಪ್ಲಾಸ್ಟರು, ಆರು ವಾರ.

ಮರುದಿನದಿಂದಲೇ ನಮಗೆ ಬೇಸಿಗೆ ರಜೆ. ಆ ವರ್ಷ ಮೌಲ್ಯಮಾಪನಕ್ಕೂ ನನ್ನ ಹೆಸರು ಬಂದಿರಲಿಲ್ಲ. ನಾನು ಹೋಗದೆ ಮತ್ತಾರು ಹೋಗಬೇಕು? ಎರಡು ಚೀಲ ತುಂಬಿಕೊಂಡು, ಕರದಂಟಿನ ಡಬ್ಬಿ ಒಂದನ್ನು ಮೇಲಿಟ್ಟುಕೊಂಡು ಹೊರಟೆ. ಬಸ್ಸು ಘಟಪ್ರಭಾ ದಾಟುವವರೆಗೆ ಅಕ್ಕನ ಕೈಯ ಚಿಂತೆ. ದಾಟಿದ ಮೇಲೆ, ಒಪ್ಪಿಕೊಳ್ಳುತ್ತೇನೆ, ನನ್ನ ಚಿಂತೆ. ಏಳು ವಾರ. ಹುಕ್ಕೇರಿಯಲ್ಲಿ ಅಕ್ಕನ ಮನೆಯ ಹತ್ತಿರ ಹೆಂಗಸರ ಜಿಮ್ಮು ಇರಲಿಲ್ಲ. ಇದ್ದಿದ್ದರೂ ಬೆಳಗಿನ ಐದೂವರೆಗೆ ಖಾನಾವಳಿಯ ಒಲೆ ಹೊತ್ತಬೇಕು. ಹದಿನಾಲ್ಕು ತಿಂಗಳು ಒಂದೊಂದು ಚಕ್ರ ಸೇರಿಸಿ ಕಟ್ಟಿದ್ದು ಏಳು ವಾರದಲ್ಲಿ ಕರಗಿಹೋದರೆ?

ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸೊಬ್ಬಳಿದ್ದಳು. ಅರವತ್ತರ ಆಜುಬಾಜು. ಸಣ್ಣ ಆಳು, ಕಡ್ಡಿಯಂಥ ಕೈಗಳು. ಎಲ್ಲರೂ ಆಕೆಯನ್ನು ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲು ದಿನದ ರೊಟ್ಟಿಗಳಲ್ಲಿ ಅರ್ಧದಷ್ಟನ್ನು ಅಕ್ಕ, ಉಳಿದರ್ಧವನ್ನು ಮಾವಶಿ ಬಡಿಯುತ್ತಿದ್ದರು. ಈಗ ಅಕ್ಕನ ಪಾಲು ನನಗೆ ಬಂತು. ಅರವತ್ತು ಕಿಲೋ ಎತ್ತುವವಳಿಗೆ ಒಂದು ರೊಟ್ಟಿ ಎಷ್ಟರದ್ದು ಎಂದುಕೊಂಡು ಸೆರಗು ಸಿಕ್ಕಿಸಿ ಕುಳಿತೆ. ಹದಿನೈದನೆಯ ರೊಟ್ಟಿಗೆ ಮುಂಗೈ ಉರಿಯತೊಡಗಿತು. ಇಪ್ಪತ್ತೈದಕ್ಕೆ ಬೆರಳು ಮಡಚಲು ಬರಲಿಲ್ಲ. ನನ್ನ ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ತೂತು. ಅವನ್ನು ಗಿರಾಕಿಗಳಿಗೆ ಬಡಿಸಲಾಗದೆ ಮನೆಯವರೇ ತಿಂದೆವು. ಮಾವಶಿ ತಲೆ ಎತ್ತದೆ ಬಡಿಯುತ್ತಲೇ ಇದ್ದಳು, ಪಟಪಟ ಪಟಪಟ, ಒಂದೇ ತಾಳ. ನೂರು ಮುಗಿಸಿ ಎದ್ದು ಹಿಟ್ಟಿನ ಚೀಲ ಎತ್ತಿ ಬಾಜೂಕ್ಕೆ ಇಟ್ಟಳು. ನಾನು ಹೇಳಿಕೊಡದೆಯೇ ಸೊಂಟ ನೆಟ್ಟಗಿತ್ತು.

ಮೊದಲ ವಾರ ನಾನು ಬಿಡಲಿಲ್ಲ. ಎರಡು ಎಣ್ಣೆಯ ಡಬ್ಬಿಗಳಿಗೆ ನೀರು ತುಂಬಿ ಮಾಳಿಗೆಗೆ ಒಯ್ದೆ. ಅವನ್ನು ಹಿಡಿದು ಕೂತು ಎದ್ದು ಬೈಠಕ್ ಹೊಡೆದೆ. ಎರಡು ದಿನ ನಡೆಯಿತು. ಮೂರನೆಯ ದಿನ ಸಂತೆ. ಊಟಕ್ಕೆ ಸಾಲು ಹೊರಗಿನವರೆಗೆ ಬಂತು, ಪಾತ್ರೆ ತೊಳೆದು ಮುಗಿಯುವಷ್ಟರಲ್ಲಿ ನನಗೆ ಮಾಳಿಗೆಯ ಮೆಟ್ಟಿಲೇ ಬೆಟ್ಟವಾಯಿತು. ಡಬ್ಬಿಗಳು ಅಲ್ಲೇ ಬಿಸಿಲಿನಲ್ಲಿ ಕುಳಿತವು. ಅಕ್ಕ ಅವುಗಳಿಂದ ತುಳಸಿಗೆ ನೀರು ಹಾಕಿಸಿದಳು.

ಎರಡನೆಯ ವಾರದ ಕೊನೆಗೆ ಅಕ್ಕನ ಹೊಲಿಗೆಯ ಡಬ್ಬಿಯಿಂದ ಟೇಪು ತೆಗೆದು ತೋಳು ಅಳೆದುಕೊಂಡೆ. ಹೊರಡುವ ಮುಂಚೆ ಗೋಕಾಕದಲ್ಲಿ ಅಳೆದು ಬರೆದಿಟ್ಟುಕೊಂಡಿದ್ದೆ. ಕಾಲು ಇಂಚು ಕಡಿಮೆ. ಟೇಪು ಬೇರೆ ಇರಬೇಕು ಎಂದುಕೊಂಡೆ. ಮೂರನೆಯ ವಾರ ಮತ್ತೆ ಅಳೆದೆ. ಇನ್ನೊಂದು ಕಾಲು ಇಂಚು. ಕನ್ನಡಿಯ ಮುಂದೆ ನಿಂತು ತೋಳು ಮಡಚಿ ನೋಡಿದೆ. ಸಣ್ಣ ನಿಂಬೆಹಣ್ಣಿನಂತೆ ಎದ್ದು ನಿಲ್ಲುತ್ತಿದ್ದ ಗಡ್ಡೆ ಕರಗಿ ಗಜ್ಜುಗವಾಗಿತ್ತು. ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಅಕ್ಕ ಒಳಗೆ ಬಂದಳು. ಏನಾಯಿತೆಂದು ಕೇಳಿದಳು. ನಾನು ಬುದ್ಧಿ ಇಲ್ಲದವಳ ಹಾಗೆ ನಿಜವನ್ನೇ ಹೇಳಿದೆ. ಅಷ್ಟೇ ಅಲ್ಲ, ಭಾನುವಾರ ಒಂದು ದಿನ ಗೋಕಾಕಕ್ಕೆ ಹೋಗಿ ಎತ್ತಿ ಬರುತ್ತೇನೆ, ಒಂದು ದಿನಕ್ಕೆ ಮಾವಶಿಯ ಜೊತೆಗೆ ಯಾರನ್ನಾದರೂ ಹಚ್ಚೋಣ ಎಂದೆ.

ಅಕ್ಕ ಪ್ಲಾಸ್ಟರಿನ ಕೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡು ಹಾಸಿಗೆಯ ಮೇಲೆ ಕುಳಿತಳು.

‘ನನ್ನ ಕೈ ಮುರದೈತಿ. ನಾ ತಲಿ ಬಾಚ್ಕೊಳ್ಳಾಕ ನಿನ್ನ ದಾರಿ ಕಾಯ್ತೇನಿ. ನಿನಗ ನಿನ್ನ ತೋಳಿಂದು ಚಿಂತಿ’ ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕೈಯನ್ನು ತೊಡೆಯ ಮೇಲೆ ಇಳಿಸಿಕೊಂಡು, ‘ಹೋಗ. ಭಾನುವಾರ ಕಚೇರಿ ಸೂಟಿ, ಗಿರಾಕಿ ಕಡಿಮಿ ಇರ್ತಾರ. ಹೋಗಿ ಬಾ’ ಎಂದೂ ಸೇರಿಸಿದಳು.

ನಾನು ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಅವಳಿಗೆ ತಲೆಸ್ನಾನ ಮಾಡಿಸಿದೆ. ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕೈಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡು ಸೀಗೆಪುಡಿ ತಿಕ್ಕಿದೆ. ಆಮೇಲೆ ಬಿಸಿಲಿಗೆ ಕೂರಿಸಿ ಜಡೆ ಹೆಣೆದೆ. ಚಿಕ್ಕಂದಿನಲ್ಲಿ ನನ್ನ ಜಡೆ ಅವಳೇ ಹೆಣೆಯುತ್ತಿದ್ದಳು, ಅದೂ ಕಣ್ಣು ಮೇಲೇರುವಷ್ಟು ಬಿಗಿಯಾಗಿ. ನಾನೂ ಹಾಗೇ ಬಿಗಿದೆ. ಅವಳು ಮರಾಠಿಯಲ್ಲಿ ನಮ್ಮ ಅವ್ವ ಬೈಯುತ್ತಿದ್ದ ಹಾಗೆ ಬೈದಳು. ಅಲ್ಲಿಗೆ ನಮ್ಮಿಬ್ಬರ ಜಗಳ ಮುಗಿಯಿತು.

ಆದರೂ ತೋಳಿನ ಚಿಂತೆ ಹೋಗಿರಲಿಲ್ಲ. ಮಧ್ಯಾಹ್ನ ಮಾವಶಿ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ, ಆಕೆ ಎಂದಾದರೂ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದುಂಟೋ ಎಂದು ಕೇಳಿದೆ. ಬಿಟ್ಟಿದ್ದಳು. ಮಗಳ ಎರಡು ಬಾಣಂತನಕ್ಕೆ ಎರಡೆರಡು ತಿಂಗಳು ನಿಪ್ಪಾಣಿಗೆ ಹೋಗಿದ್ದಳು. ಅಲ್ಲಿ ಅಳಿಯನ ತಾಯಿ ಒಲೆಯ ಹತ್ತಿರ ಬಿಡುತ್ತಿರಲಿಲ್ಲವಂತೆ.

‘ತಿರಗಿ ಬಂದ ಮೊದಲನೇ ದಿನ ಕೈ ಬಾಯಿಗಿ ಬರ್ತಿದ್ದಿಲ್ಲ ನೋಡವಾ’ ಎಂದಳು. ‘ಇನ್ನ ನನ್ನ ಕಥಿ ಮುಗೀತು ಅನ್ಕೊಂಡಿದ್ನಿ. ಎಂಟ ದಿನಕ್ಕ ಮತ್ತ ಅದ ಕೈ. ಕಲಿಯೂ ಮುಂದ ನನಗ ಎರಡ ವರ್ಷ ಹಿಡದಿತ್ತ.’

ಕಲಿಯಲು ಎರಡು ವರ್ಷ, ತಿರುಗಿ ಬರಲು ಎಂಟು ದಿನ. ನಾನು ಅದನ್ನು ಕೇಳಿಸಿಕೊಂಡೆ. ಆದರೆ ರೊಟ್ಟಿ ಬೇರೆ, ಕಬ್ಬಿಣ ಬೇರೆ ಎಂದು ಮನಸ್ಸು ವಾದ ಹೂಡಿತು. ಅಂದು ಸಂಜೆ ಕಲ್ಲೋಳಿಯ ಆ ಹೆಣ್ಣುಮಗಳಿಗೇ ಫೋನು ಹಚ್ಚಿದೆ. ಅರ್ಧ ಇಂಚಿನ ಕಥೆಯನ್ನೆಲ್ಲ ಹೇಳಿಕೊಂಡೆ. ಆಕೆ ಪೂರ್ತಿ ಕೇಳಿದಳು. ಹಿಂದೆ ಆಕೆಯ ಮಗು ಪಾತ್ರೆ ಬಡಿಯುತ್ತಿತ್ತು.

‘ಟೀಚರ್ರ, ಕಾಣೂದು ಬ್ಯಾರೆ, ಇರೂದು ಬ್ಯಾರೆ’ ಎಂದಳು. ‘ಮೊದಲ ಇಳಿಯೂದು ತೋಳಿನ್ಯಾಗಿನ ನೀರ. ದಿನಾ ಎತ್ತವರ ಮೈ ನೀರ ಹಿಡಕೊಂಡಿರ್ತೈತಿ, ಬಿಟ್ಟ ಕೂಡಲೆ ಅದನ್ನ ಬಿಡ್ತೈತಿ. ಅದಕ್ಕ ಟೇಪಿನ್ಯಾಗ ಕಡಿಮಿ ಬರ್ತೈತಿ. ನಿಮ್ಮ ತಾಕತ್ತ ಅಷ್ಟ ಲಗೂ ಹೋಗಂಗಿಲ್ಲ. ಹೋದ್ರೂ ದಾರಿ ಗೊತ್ತಿರ್ತೈತಿ ಅದಕ್ಕ, ತಿರಗಿ ಬರ್ತೈತಿ.’

ತನ್ನ ಹೆರಿಗೆಯ ಮುಂಚೆ ಮತ್ತು ಆಮೇಲೆ ಸೇರಿ ಒಂದು ವರ್ಷ ತಾನು ಏನೂ ಎತ್ತಿರಲಿಲ್ಲವೆಂದು ಆಕೆ ಹೇಳಿದಳು. ಮರಳಿ ಬಂದಾಗ ಬರಿಯ ಬಾರ್ ಹಿಡಿದು ಅತ್ತಿದ್ದಳಂತೆ. ಆಕೆ ಅತ್ತಿದ್ದಳು ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಉಳಿದದ್ದನ್ನು ಅರ್ಧ ಕೇಳಿಸಿಕೊಳ್ಳಲೇ ಇಲ್ಲ. ಕೊನೆಗೆ ಎರಡು ಮಾತು ಹೇಳಿದಳು. ಮೊಸರು, ಶೇಂಗಾ, ಕಾಳು ಬಿಡಬೇಡಿ. ಟೇಪನ್ನು ಮಾತ್ರ ಬಿಟ್ಟುಬಿಡಿ.

ವಿಜ್ಞಾನದವಳಾಗಿ ನನಗೆ ಅಷ್ಟಕ್ಕೇ ಸುಮ್ಮನಿರಲು ಆಗಲಿಲ್ಲ. ಮೊಬೈಲಿನಲ್ಲಿ ಹುಡುಕಿ ಓದಿದೆ. ಸ್ನಾಯುವಿನ ಒಂದೊಂದು ಎಳೆಯಲ್ಲೂ ಒಂದಲ್ಲ, ಹಲವು ಕೋಶಕೇಂದ್ರಗಳಿರುತ್ತವೆ ಎಂಬುದು ಗೊತ್ತಿತ್ತು, ಮಕ್ಕಳಿಗೂ ಹೇಳಿದ್ದೆ. ಭಾರ ಎತ್ತಿ ಎಳೆ ದಪ್ಪವಾದಾಗ ಹೊಸ ಕೇಂದ್ರಗಳು ಬಂದು ಸೇರುತ್ತವೆ. ಎತ್ತುವುದನ್ನು ಬಿಟ್ಟಾಗ ಎಳೆ ತೆಳ್ಳಗಾಗುತ್ತದೆ. ಆದರೆ ಹಾಗೆ ಬಂದ ಕೇಂದ್ರಗಳು ಕೂಡಲೇ ಎದ್ದು ಹೋಗುವುದಿಲ್ಲ, ಅದಕ್ಕೇ ಎರಡನೆಯ ಸಲ ಬೇಗ ಬೆಳೆಯುತ್ತದೆ ಎಂದು ಕೆಲವು ತಜ್ಞರು ಹೇಳುತ್ತಾರೆ. ಕೆಲವರು ಇದನ್ನು ಇನ್ನೂ ಒಪ್ಪಿಲ್ಲ. ಮೆದುಳು ಮತ್ತು ನರಗಳು ಕಲಿತ ಕೆಲಸವನ್ನು ಬೇಗ ಮರೆಯುವುದಿಲ್ಲ ಎಂಬುದರ ಬಗ್ಗೆ ಮಾತ್ರ ಹೆಚ್ಚು ತಕರಾರಿರಲಿಲ್ಲ. ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಆಕಳಿಸಿದಳು. ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆಯಲ್ಲಿ ಏಳು ಗಂಟೆಗೇ ಆಕಳಿಕೆ ಸುರುವಾಗುತ್ತದೆ.

ಉಳಿದ ವಾರಗಳು ಹಗುರಾಗಿ ಕಳೆದವು. ಬೆಳಿಗ್ಗೆ ಹಿಟ್ಟು, ಮಧ್ಯಾಹ್ನ ಗಿರಾಕಿ, ಸಂಜೆ ಅಕ್ಕನ ಜೊತೆ ಹರಟೆ. ನನ್ನ ರೊಟ್ಟಿ ದುಂಡಗಾಗುತ್ತ ಬಂತು. ಒಬ್ಬ ವಕೀಲರು ಎರಡನೆಯ ರೊಟ್ಟಿ ಕೇಳಿದಾಗ ಅದು ನಾನು ಬಡಿದದ್ದು ಎಂದು ಭಾವನೇ ಗಲ್ಲೆಯಿಂದ ಕೂಗಿ ಹೇಳಿದರು. ನಿಜವಾಗಿ ಅದು ಮಾವಶಿಯದು. ಮಾವಶಿ ನನ್ನತ್ತ ನೋಡಿ ಸುಮ್ಮನಿರು ಎಂಬಂತೆ ಕಣ್ಣು ಮಿಟುಕಿಸಿದಳು.

ಆರನೆಯ ವಾರ ಪ್ಲಾಸ್ಟರು ಒಡೆಸಲು ಹೋದೆವು. ಡಾಕ್ಟರು ಗರಗಸದಂಥ ಯಂತ್ರದಿಂದ ಬಿಳಿಯ ಕವಚವನ್ನು ಎರಡು ಹೋಳು ಮಾಡಿ ತೆಗೆದರು. ಒಳಗಿನಿಂದ ಹೊರಬಂದ ಕೈಯನ್ನು ಬಾಗಿ ನೋಡಿದೆ. ಚರ್ಮ ಹೊಟ್ಟು ಹೊಟ್ಟಾಗಿ ಎದ್ದಿತ್ತು. ಮುಂಗೈ ನುಗ್ಗೆಕಾಯಿಯಷ್ಟಾಗಿತ್ತು. ಎಡಗೈಯ ಪಕ್ಕದಲ್ಲಿಟ್ಟರೆ ಎರಡೂ ಒಬ್ಬಳದೇ ಕೈ ಎಂದು ಯಾರೂ ನಂಬುವಂತಿರಲಿಲ್ಲ. ಡಾಕ್ಟರು ಮುಷ್ಟಿ ಕಟ್ಟಿ ಎಂದರು. ಬೆರಳುಗಳು ಅರ್ಧ ಮಡಚಿ ನಿಂತವು. ಎಲುಬು ಚೆನ್ನಾಗಿ ಕೂಡಿದೆ, ಇನ್ನು ಕೈಯಿಂದ ಕೆಲಸ ತೆಗೆಯಬೇಕು ಎಂದು ಹೇಳಿ ಮೂರು ನಾಲ್ಕು ಬಗೆಯ ವ್ಯಾಯಾಮ ತೋರಿಸಿಕೊಟ್ಟರು.

ಆರು ವಾರದಲ್ಲಿ ಒಮ್ಮೆಯೂ ಅಳದಿದ್ದ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಸೆರಗಿನ ಒಳಗೆ ಆ ಕೈ ಮುಚ್ಚಿಕೊಂಡಿದ್ದಳು. ‘ಈ ಕೈಲೆ ನಾ ಇನ್ನ ಏನ್ ರೊಟ್ಟಿ ಬಡೀಲಿ?’ ಎಂದಳು.

ಮೂರು ವಾರದ ಹಿಂದೆ ನಾನು ಕನ್ನಡಿಯ ಮುಂದೆ ನಿಂತಾಗ ಅವಳು ಆಡಿದ್ದ ಮಾತನ್ನು ಅವಳಿಗೇ ತಿರುಗಿಸಿ ಹೇಳಬಹುದಿತ್ತು. ಆ ಆಸೆ ಒಂದು ಕ್ಷಣ ಬಂದದ್ದೂ ಹೌದು. ಆದರೆ ಆ ಕೈ ನೋಡಿದ ಮೇಲೆ ಅದು ನಾಲಗೆಗೆ ಬರಲಿಲ್ಲ. ಪಕ್ಕದಲ್ಲಿ ಕುಳಿತು, ಮಾವಶಿ ಹೇಳಿದ್ದನ್ನೂ ಕಲ್ಲೋಳಿಯವಳು ಹೇಳಿದ್ದನ್ನೂ ಕೂಡಿಸಿ ಹೇಳಿದೆ. ನಿನ್ನ ಕೈಗೆ ಇದು ಮೂವತ್ತು ವರ್ಷದ ಅಭ್ಯಾಸ, ಆರು ವಾರಕ್ಕೆ ಮರೆಯುವುದಿಲ್ಲ ಎಂದೆ. ಅಷ್ಟು ಖಾತ್ರಿಯಾಗಿ ನಾನು ನನ್ನ ತೋಳಿನ ಬಗ್ಗೆ ಒಮ್ಮೆಯೂ ಹೇಳಿಕೊಂಡಿರಲಿಲ್ಲ.

ಅಂದು ಸಂಜೆಯಿಂದಲೇ ನಾನು ಅಕ್ಕನಿಗೆ ಕೋಚ್ ಆದೆ. ಡಾಕ್ಟರು ಮೆತ್ತನೆಯ ಚೆಂಡು ಹಿಚುಕಲು ಹೇಳಿದ್ದರು. ಚೆಂಡು ಯಾಕೆ, ಹಿಟ್ಟು ಇದೆಯಲ್ಲ ಎಂದು ಮಾವಶಿ ಜೋಳದ ಹಿಟ್ಟಿನ ಒಂದು ಉಂಡೆ ಮಾಡಿಕೊಟ್ಟಳು. ಬೆಚ್ಚಗಿನ ನೀರಲ್ಲಿ ಕೈ ಅದ್ದಿ, ಉಂಡೆ ಹಿಡಿದು ಹತ್ತು ಸಲ ಹಿಚುಕುವುದು. ಮಣಿಕಟ್ಟನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸುವುದು. ನೋವು ಹೆಚ್ಚಾದರೆ ನಿಲ್ಲಿಸುವುದು. ದಿನಕ್ಕೆ ಮೂರು ಸಲ. ಅಕ್ಕ ಮೊದಲೆರಡು ದಿನ ಗೊಣಗಿದಳು. ಮೂರನೆಯ ದಿನ ಮುಷ್ಟಿ ಪೂರ್ತಿ ಕಟ್ಟಿತು. ಅಡುಗೆಮನೆಯಿಂದ ಗಲ್ಲೆಯವರೆಗೆ ಹೋಗಿ ಭಾವನಿಗೆ ಮುಷ್ಟಿ ತೋರಿಸಿ ಬಂದಳು. ಅವರು ಹೆದರಿದಂತೆ ನಟಿಸಿದರು.

ಏಳನೆಯ ದಿನ ಅಕ್ಕ ಒಂದು ರೊಟ್ಟಿ ಬಡಿದಳು. ಅಂಗೈ ಅಗಲದ್ದು, ಅಂಚು ಒಡೆದದ್ದು, ನನ್ನ ಮೊದಲ ದಿನದ ರೊಟ್ಟಿಗಿಂತ ಸ್ವಲ್ಪ ಕೆಟ್ಟದ್ದು. ಆದರೆ ನಾನು ನೋಡಿದ್ದು ರೊಟ್ಟಿಯನ್ನಲ್ಲ. ಹಿಟ್ಟನ್ನು ತಿರುಗಿಸುವಾಗ ಅವಳ ಬೆರಳುಗಳು ಯೋಚಿಸುತ್ತಿರಲಿಲ್ಲ. ನನ್ನವು ಏಳು ವಾರದ ಮೇಲೂ ಯೋಚಿಸುತ್ತಿದ್ದವು. ಮರುದಿನ ನಾನು ಗೋಕಾಕಕ್ಕೆ ಹೊರಟೆ. ಬಸ್ ನಿಲ್ದಾಣಕ್ಕೆ ಬಿಡಲು ಬಂದ ಅಕ್ಕ ನನ್ನ ಒಂದು ಚೀಲವನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯನ್ನು ಬೀಸುತ್ತ ನಡೆದಳು.

ಜಿಮ್ಮಿಗೆ ಹೋದದ್ದು ಶಾಲೆ ಸುರುವಾದ ದಿನವೇ. ನೇರವಾಗಿ ನಲವತ್ತು ಕಿಲೋ ಹಾಕಿ ನೋಡೋಣ ಎಂದೆ. ಕಲ್ಲೋಳಿಯವಳು ತಲೆಯಾಡಿಸಿ, ಇಪ್ಪತ್ತೈದು ಹಾಕಿದಳು. ಅದು ನನಗೆ ಅವಮಾನ ಎನಿಸಿತು. ಎತ್ತಿದ ಮೇಲೆ ಆಕೆ ಮಾಡಿದ್ದು ಸರಿ ಎನಿಸಿತು. ಎಂಟನೆಯ ಸಲಕ್ಕೆ ಉಸಿರು ಬಾಯಿಗೆ ಬಂದಿತ್ತು. ಬೈಠಕ್ ಎರಡು ಸುತ್ತು, ಡಂಬೆಲ್ ಒಂದು ಸುತ್ತು, ಅಷ್ಟಕ್ಕೆ ನಿಲ್ಲಿಸಿದಳು. ಇನ್ನೂ ಮಾಡುತ್ತೇನೆ ಎಂದೆ. ನಾಳೆ ನೀವೇ ನನಗೆ ನಮಸ್ಕಾರ ಹೇಳುತ್ತೀರಿ ಎಂದಳು.

ಹೇಳಿದೆ. ಮರುದಿನ ಮೂಡಲಗಿಯ ಬಸ್ಸು ಹತ್ತುವಾಗ ತೊಡೆಗಳು ಎರಡು ಕಂಬಗಳಾಗಿದ್ದವು. ಹಲಗೆಯ ಮೇಲ್ಭಾಗದಲ್ಲಿ ಬರೆಯಲು ಕೈ ಏಳಲಿಲ್ಲ, ಎಲ್ಲವನ್ನೂ ಅರ್ಧದಿಂದ ಕೆಳಗೆ ಬರೆದೆ. ಹಿಂದಿನ ಬೆಂಚಿನವರಿಗೆ ಕಾಣಿಸಲಿಲ್ಲ ಎಂದು ದೂರು ಬಂತು. ಹಿಂದಿ ಕಲಿಸುವವರು ಏನಾಯಿತೆಂದು ಕೇಳಿದಾಗ, ಏಳು ವಾರದ ಬಾಕಿ ಇದು ಎಂದು ನಕ್ಕೆ.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಎರಡನೆಯ ವಾರಕ್ಕೆ ನಲವತ್ತು. ಮೊದಲ ಸಲ ಅಲ್ಲಿಗೆ ಮುಟ್ಟಲು ನನಗೆ ಆರೇಳು ತಿಂಗಳು ಹಿಡಿದಿತ್ತು. ಮೂರನೆಯ ವಾರದ ಕೊನೆಗೆ ಐವತ್ತು. ದೇಹ ಹೊಸದಾಗಿ ಏನನ್ನೂ ಕಲಿಯುತ್ತಿರಲಿಲ್ಲ. ಬೀಗ ಹಾಕಿದ ಮನೆಗೆ ತಿರುಗಿ ಬಂದು, ಕಿಟಕಿ ತೆರೆದು, ಕಸ ಗುಡಿಸಿ, ಒಲೆ ಹಚ್ಚುವ ಹಾಗಿತ್ತು. ಹಿಡಿತ ಮಾತ್ರ ಮುಂಚಿನದಕ್ಕಿಂತ ಗಟ್ಟಿಯಾಗಿತ್ತು. ಬಾರ್ ಬೆರಳಿನಿಂದ ಜಾರುತ್ತಲೇ ಇರಲಿಲ್ಲ. ಏಳು ವಾರ ಹಿಟ್ಟು ನಾದಿ ಬಡಿದದ್ದರ ಫಲ ಇರಬೇಕು ಎಂದು ನಾನು. ಇರಬಹುದು ಎಂದು ಕಲ್ಲೋಳಿಯವಳು.

ಆರನೆಯ ವಾರ, ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ, ಬಾರ್‌ಗೆ ಅರವತ್ತು ಹಾಕಿದೆವು. ಜೊತೆಯ ಹೆಂಗಸರು ತಮ್ಮ ತಮ್ಮ ಕೆಲಸ ನಿಲ್ಲಿಸಿ ಗೋಡೆಯ ಹತ್ತಿರ ಸಾಲಾಗಿ ನಿಂತರು. ನನಗೆ ಅದೇ ಹೆಚ್ಚು ಭಾರವಾಯಿತು. ಬಾಗಿದೆ, ಹಿಡಿದೆ, ಬೆನ್ನು ನೆಟ್ಟಗೆ ಮಾಡಿದೆ. ಬಾರ್ ಒಂದು ಗೇಣು ಎದ್ದು ನಿಂತಿತು. ಕೆಳಗಿಟ್ಟುಬಿಡೋಣ ಎನಿಸಿತು. ಇಡಲಿಲ್ಲ. ಮೊಣಕಾಲು ದಾಟಿದ ಮೇಲೆ ಅದು ತಾನೇ ಬಂತು. ನೆಟ್ಟಗೆ ನಿಂತು ಎದುರಿನ ಕಿಟಕಿಯಲ್ಲಿ ನೋಡಿದರೆ ಟೈರ್ ಅಂಗಡಿಯವರು ಮಳೆಗೆ ಟೈರುಗಳನ್ನು ಒಳಗೆ ಉರುಳಿಸುತ್ತಿದ್ದರು. ಎರಡು ಕ್ಷಣ ಹಾಗೇ ನಿಂತು ಇಳಿಸಿದೆ.

ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕನಿಗೆ ಫೋನು ಮಾಡಿದೆ. ನನ್ನ ಸುದ್ದಿ ಹೇಳುವ ಮುಂಚೆ ಅವಳೇ ತನ್ನದನ್ನು ಹೇಳಿದಳು. ಅಂದು ನಲವತ್ತು ರೊಟ್ಟಿ ಬಡಿದಿದ್ದಳು. ಕೈ ಸಂಜೆಗೆ ಸ್ವಲ್ಪ ಬಾತಿರುತ್ತದೆ, ಬೆಚ್ಚಗಿನ ನೀರಲ್ಲಿಟ್ಟರೆ ಇಳಿಯುತ್ತದೆ ಎಂದಳು. ಮುಂಗೈ ಎಡಗೈಯಷ್ಟು ತುಂಬಿಲ್ಲ, ಆದರೆ ತುಂಬುತ್ತಿದೆ. ನಿನ್ನ ಕಬ್ಬಿಣದ ಕಥೆ ಏನಾಯಿತು ಎಂದು ಆಮೇಲೆ ಕೇಳಿದಳು. ಅರವತ್ತು ಎಂದೆ.

‘ನಲವತ್ತ ರೊಟ್ಟಿ ದೊಡ್ಡದೋ, ಅರವತ್ತ ಕಿಲೋ ದೊಡ್ಡದೋ?’ ಎಂದಳು.

ಎರಡನ್ನೂ ಮಾಡಿ ನೋಡಿದವಳು ನಾನೊಬ್ಬಳೇ ಆದ್ದರಿಂದ ನ್ಯಾಯವಾಗಿ ಹೇಳಿದೆ. ರೊಟ್ಟಿಯೇ ದೊಡ್ಡದು. ಅವಳಿಗೆ ಬಹಳ ಖುಷಿಯಾಯಿತು.

ಅಕ್ಟೋಬರಿನಲ್ಲಿ ಮತ್ತೊಂದು ಬಿಡುವು ಬಂತು. ದಸರೆಯ ರಜೆಯಲ್ಲೇ ಜಿಮ್ಮಿಗೆ ಬಣ್ಣ ಬಳಿಸುವುದೆಂದು ಹತ್ತು ದಿನ ಮುಚ್ಚಿದರು. ಜಿಮ್ಮಿಗೆ ಹೊಸದಾಗಿ ಸೇರಿದ್ದ ಹೊಲಿಗೆ ಕಲಿಸುವವರು ಗಾಬರಿಯಾದರು. ಹೌದು, ಅಂದು ನನ್ನ ರಟ್ಟೆ ಹಿಡಿದೆತ್ತಿದವರೇ. ಅವರೂ ಈಗ ಗೋಕಾಕದಲ್ಲಿ ಮನೆ ಮಾಡಿದ್ದರು. ಮೂರು ತಿಂಗಳು ಮಾಡಿದ್ದೆಲ್ಲ ಹೋಗುತ್ತದೆಯೇ ಎಂದು ಬಸ್ಸಿನಲ್ಲಿ ಎರಡು ಸಲ ಕೇಳಿದರು. ಹತ್ತು ದಿನ ಉಂಡು ಮಲಗಿರಿ, ಮೈಗೆ ಅದೂ ಬೇಕು, ಹಳೆಯ ನೋವುಗಳೆಲ್ಲ ಹೋಗುತ್ತವೆ ಎಂದೆ. ಅವರು ನಂಬಲಿಲ್ಲ. ನಾನೂ ಆ ಜಾಗದಲ್ಲಿದ್ದಾಗ ನಂಬಿರಲಿಲ್ಲ.

ನಾನು ಹುಕ್ಕೇರಿಗೆ ಹೋದೆ, ಈ ಸಲ ಗಂಡನನ್ನೂ ಕರೆದುಕೊಂಡು. ಹೋಳಿಗೆ ತಿಂದೆ, ಮಧ್ಯಾಹ್ನ ಮಲಗಿದೆ, ಮಾವಶಿ ಬಡಿದ ರೊಟ್ಟಿಗೂ ಅಕ್ಕ ಬಡಿದ ರೊಟ್ಟಿಗೂ ವ್ಯತ್ಯಾಸ ಹುಡುಕಲು ಹೋಗಿ ಸೋತೆ. ಮರಳಿ ಬಂದ ಮೇಲೆ ಹೊಸ ಬಣ್ಣದ ವಾಸನೆಯ ನಡುವೆ ಅರವತ್ತೆರಡೂವರೆ ಹಾಕಿ ಎತ್ತಿದೆ. ಒಂದು ಸಲ ಬಂತು. ಎರಡನೆಯದಕ್ಕೆ ಬರಲಿಲ್ಲ. ಕಲ್ಲೋಳಿಯವಳು, ಇರಲಿ, ಮುಂದಿನ ವಾರ ನೋಡೋಣ ಎಂದಳು. ಬಾರ್ ಒರೆಸಿಟ್ಟು, ಮೂಡಲಗಿಯ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದೆ.